ಎಚ್‌ಪಿ ಇಲ್ಲದ ಪಂಪು

ಹುಣಸೂರಿನಲ್ಲಿ ಕಿಟಕಿ ತೊಳೆಯುವುದನ್ನೇ ವೃತ್ತಿ ಮಾಡಿಕೊಂಡವರು ನನ್ನ ಚಿಕ್ಕಪ್ಪ ಒಬ್ಬರೇ ಇರಬೇಕು. ಎತ್ತರ ಕಂಡರೆ ಕಾಲು ನಡುಗುವ ಕಿಟಕಿ ತೊಳೆಯುವವರಂತೂ ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ!

ಹಾಗಾದರೆ ಈ ಕೆಲಸವನ್ನೇ ಯಾಕೆ ಹಿಡಿದಿರಿ ಎಂದು ನಾನೊಮ್ಮೆ ಕೇಳಿದ್ದೆ. "ಗಾಜು ಕೊಳೆಯಾಗಿದ್ರೆ ನಂಗೆ ಊಟ ಸೇರಾಕಿಲ್ಲ ಕಣವ್ವ" ಎಂದರು. ಇದು ನಿಜ. ಮದುವೆಗೆ ಹೋದರೆ ಅವರು ಹೆಣ್ಣು ಗಂಡಿಗಿಂತ ಮೊದಲು ನೋಡುವುದು ಛತ್ರದ ಕಿಟಕಿಗಳನ್ನು. ಕೆ.ಆರ್. ನಗರದ ಬಟ್ಟೆ ಅಂಗಡಿಯೊಂದರ ಗಾಜು ಒರೆಸಿ ಮನೆಗೆ ಬಂದವರು, ಮೂಲೆಯಲ್ಲೊಂದು ಬೆರಳಚ್ಚು ಉಳಿಯಿತೇನೋ ಎಂಬ ಅನುಮಾನಕ್ಕೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಮತ್ತೆ ಬಸ್ಸು ಹತ್ತಿದ್ದಾರೆ. ಬೆರಳಚ್ಚು ಇರಲಿಲ್ಲವಂತೆ. ಅದನ್ನು ಹುಡುಕುವಾಗ ಮುಟ್ಟಿದ್ದರಿಂದ ಹೊಸದೊಂದು ಬಿತ್ತಂತೆ!

ಏಣಿ ಹತ್ತುವ ಮೊದಲು ಅದಕ್ಕೆ ಕೈಮುಗಿದು, "ಅಲ್ಲಾಡ್ಬೇಡಿ, ನಿಮ್ ದಮ್ಮಯ್ಯ" ಎನ್ನುತ್ತಿದ್ದರು. ಏಣಿಗೆ ಬಹುವಚನ! ಮೇಲೆ ಹೋದಮೇಲೆ ಚಿಕ್ಕಮ್ಮನ ಹಳೆಯ ನೂಲಿನ ಸೀರೆಯಿಂದ ತಮ್ಮನ್ನು ಕಿಟಕಿಯ ಸರಳಿಗೆ ಕಟ್ಟಿಕೊಳ್ಳುವರು. ಒಮ್ಮೆ ಒಂದು ಕಚೇರಿಯಲ್ಲಿ ಗಂಟು ಎಷ್ಟು ಭದ್ರವಾಯಿತೆಂದರೆ, ಊಟದ ಹೊತ್ತಾದರೂ ಬಿಚ್ಚಲಿಲ್ಲ. ಒಳಗಿದ್ದ ಗುಮಾಸ್ತರು ಕಿಟಕಿ ತೆರೆದು, "ಏನ್ರೀ ನಿಮ್ ಬೇಡಿಕೆ? ಸಾಹೇಬ್ರಿಗೆ ಹೇಳ್ತೀನಿ" ಎಂದು ವಿಚಾರಿಸಿಕೊಂಡರಂತೆ.

ನಾವು ನಗುವುದು ನಿಂತದ್ದು ಹೋದ ವರ್ಷ. ಪಿರಿಯಾಪಟ್ಟಣದಲ್ಲಿ ಏಣಿ ಜಾರಿ ಬಿದ್ದರು. ಮುಂಗೈ ಮುರಿಯಿತು. ಕೈ ಕೂಡಿತು, ಆದರೆ ಆಗಾಗ ತಲೆಸುತ್ತು ಉಳಿದುಬಿಟ್ಟಿತು. ಚಿಕ್ಕಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಏಣಿಯನ್ನು ಹಿತ್ತಲ ಗೋಡೆಗೆ ಒರಗಿಸಿ, ಅದರ ಬುಡದಲ್ಲಿ ಹೀರೆಬೀಜ ಹಾಕಿದರು. ಪಟ್ಟಿ ಬಿಚ್ಚುವ ಹೊತ್ತಿಗೆ ಬಳ್ಳಿ ಮೇಲಿನ ಮೆಟ್ಟಿಲಿಗೆ ಹಬ್ಬಿ ಹೂ ಬಿಟ್ಟಿತ್ತು. "ಬೇಕಾದ್ರೆ ಬಳ್ಳಿ ಕಿತ್ತಾಕಿ ಏಣಿ ತಕ್ಕೊಂಡೋಗ್ಲಿ" ಎಂದರು. ಹೂ ಬಿಟ್ಟ ಬಳ್ಳಿಯನ್ನು ಕೀಳುವ ಧೈರ್ಯ ನಮ್ಮ ಮನೆಯ ಯಾವ ಗಂಡಸಿಗಿದೆ?

ಆದರೆ ಲೋಕದಲ್ಲಿ ಬೇರೆಯವರ ಏಣಿಗಳೂ ಇವೆಯಲ್ಲ! ನನ್ನ ಆತಂಕವೆಲ್ಲ ಅದರದ್ದೇ. ಅಷ್ಟರಲ್ಲಿ ಬೈಲಕುಪ್ಪೆಯಿಂದ ಕರೆ ಬಂತು. ಹೊಸದಾಗಿ ಕಟ್ಟಿದ ಮೂರು ಮಹಡಿಯ ವಸತಿಗೃಹ, ಮುಂಭಾಗವೆಲ್ಲ ಗಾಜು. ಚಿಕ್ಕಪ್ಪ ಅದಕ್ಕೂ ಮೊದಲೇ ಫೋನಿನ ವಿಡಿಯೊದಲ್ಲಿ ಯಾರೋ ನೆಲದ ಮೇಲೆ ನಿಂತು, ಉದ್ದನೆಯ ಕೋಲಿನ ತುದಿಯ ಬ್ರಷ್ಷಿಗೆ ಪೈಪಿನಲ್ಲಿ ನೀರು ಹರಿಸಿ ಮೇಲಿನ ಕಿಟಕಿ ತೊಳೆಯುವುದನ್ನು ನೋಡಿದ್ದರು. ಕೋಲು, ಬ್ರಷ್ಷು ಸಿಕ್ಕವು. ನೀರನ್ನು ಮೇಲೆತ್ತಲು ಪಂಪು ಬೇಕು. ಭೌತಶಾಸ್ತ್ರ ಓದಿದವಳೆಂದು ಆ ಹೊಣೆ ನನಗೆ ಬಂತು. ಒದ್ದೆ ಕೈಯಲ್ಲಿ ಕರೆಂಟು ಬೇಡ, ಬ್ಯಾಟರಿ ಪಂಪೇ ಆಗಬೇಕು; ಬ್ಯಾಟರಿ ಸಂಜೆಯವರೆಗೂ ಬರಬೇಕು, ಹಾಗಾಗಿ ಪಂಪು ಆದಷ್ಟು ಚಿಕ್ಕದಿರಬೇಕು. ನಡುವೆ ನಿಂತರೆ?

"ನಿಂತ್ರೆ ನಿಂತ್ಕಳ್ಳಿ. ಅವ್ರತ್ರ ಏಣಿ ಇದ್ದೇ ಇರ್ತದಲ್ಲವ್ವ" ಎಂದರು ಚಿಕ್ಕಪ್ಪ, ಬೇರೆಲ್ಲೋ ನೋಡುತ್ತ.

ಆ ಮಾತಿನ ಮೇಲೆ ನಾನು ನೆಮ್ಮದಿಯಿಂದ ಊಟ ಮಾಡಿದ್ದಿಲ್ಲ.

ಇಲ್ಲೊಂದು ತೊಂದರೆ ಇತ್ತು. ನಮ್ಮ ಕಡೆ ಪಂಪಿಗೆ ಇರುವುದು ಒಂದೇ ಗುಣ: ಎಚ್‌ಪಿ. ಎಷ್ಟು ಎಚ್‌ಪಿ ಎಂದು ಕೇಳಿದ ಮೇಲೆಯೇ ರೈತರು ಒಬ್ಬರ ಹೆಸರನ್ನೊಬ್ಬರು ಕೇಳುವುದು! ಇಂಥ ಊರಿನಲ್ಲಿ ಅಂಗಡಿಗೆ ಹೋಗಿ, ಇರುವುದರಲ್ಲೇ ಕಡಿಮೆ ಶಕ್ತಿಯ ಪಂಪು ಕೊಡಿ ಎನ್ನುವುದು ಹೇಗೆ?

"ಎಷ್ಟಡಿ ಬೋರು, ಅಣ್ಣ?" ಎಂದ ಅಂಗಡಿಯವನು, ಚಿಕ್ಕಪ್ಪನನ್ನು ನೋಡಿ.

"ಬೋರಲ್ಲ ಕಣಪ್ಪ, ಕಿಟ್ಕಿ."

"ಎಷ್ಟು ಎಚ್‌ಪಿ ಕೊಡ್ಲಿ?"

"ಎಚ್‌ಪಿನೇ ಬ್ಯಾಡ."

ಅಂಗಡಿಯವನು ನನ್ನ ಕಡೆ ತಿರುಗಿ, ಮೆಲ್ಲಗೆ, "ಮೇಡಂ, ಇವ್ರಿಗೆ ಎಷ್ಟು ದಿನದಿಂದ ಇಂಗೆ?" ಎಂದ. ಅಪರಿಚಿತರ ಮುಂದೆ ಮಾತನಾಡುವುದೇ ನನಗೆ ಕಷ್ಟ. ಗಾಜು ಉಜ್ಜುವುದು ಬ್ರಷ್ಷು, ನೀರು ಬರೀ ಕೊಳೆ ಇಳಿಸಿದರೆ ಸಾಕು, ಹಾಗಾಗಿ ಒತ್ತಡ ಎತ್ತರಕ್ಕೆ ತಕ್ಕಷ್ಟಿದ್ದರೆ ಸಾಕು ಎಂದು ವಿವರಿಸಿದೆ. ಆತ ಎಲ್ಲ ಕೇಳಿಸಿಕೊಂಡು, "ಒಂದ್ ಎಚ್‌ಪಿ ತಕ್ಕೊಂಡೋಗಿ, ಸೇಫು" ಎಂದ.

ಭೇರ್ಯದಲ್ಲಿರುವ ನನ್ನ ಸೋದರತ್ತೆಯ ಗಂಡ ಭತ್ತದ ಬೆಳೆಗಾರರು. ಸುದ್ದಿ ಕೇಳಿ ಅವರಿಗೆ ಅವಮಾನವೇ ಆಯಿತು. "ನಾನು ಬದುಕಿರೋವಾಗ ನೀನು ಆಟದ ಸಾಮಾನು ತಕ್ಕೊಂಡೋಯ್ತೀಯೇನೋ ಬಾಮೈದ?" ಎಂದು ನಾಲೆಯಿಂದ ನೀರೆತ್ತುವ ತಮ್ಮ ಪೆಟ್ರೋಲು ಪಂಪನ್ನು ಅಂಗಳಕ್ಕೆ ತಂದರು. ಪರೀಕ್ಷೆ ಅವರ ಮನೆಯ ಕಿಟಕಿಯ ಮೇಲೆಯೇ. ಹಗ್ಗ ಎಳೆದದ್ದೇ ತಡ, ಬ್ರಷ್ಷು ಕೋಲು ಬಿಟ್ಟು ಹಾರಿ ಪಕ್ಕದ ಮನೆಯ ತೆಂಗಿನ ಮರ ಸೇರಿತು. ನೀರು ಗವಾಕ್ಷಿಯಲ್ಲಿ ನುಗ್ಗಿ, ಒಳಗೆ ಕುಳಿತು ಧಾರಾವಾಹಿ ನೋಡುತ್ತಿದ್ದ ಅತ್ತೆಯನ್ನು ತೋಯಿಸಿ, ಹಿಂಬಾಗಿಲಿನಿಂದ ಹೊರಬಂತು!

"ಕಿಟ್ಕಿ ತೊಳೀರಿ ಅಂದ್ರೆ ನನ್ನೇ ತೊಳ್ದ್ಬುಟ್ರಲ್ರೋ!" ಅತ್ತೆಯ ಕೂಗು.

"ನೋಡ್ದಾ ಪವರ್ರು?" ಮಾವ ಹೆಮ್ಮೆಯಿಂದ ನನ್ನನ್ನು ಕೇಳಿದರು.

ಕೊನೆಗೆ ಉತ್ತರ ಸಿಕ್ಕಿದ್ದು ರಾವಂದೂರಿನಲ್ಲಿ. ತಂಬಾಕಿಗೆ ಔಷಧಿ ಹೊಡೆಯುವ ಬ್ಯಾಟರಿ ಯಂತ್ರವನ್ನು ಬೆನ್ನಿಗೆ ಹಾಕಿಕೊಂಡು ರೈತರೊಬ್ಬರು ರಸ್ತೆ ದಾಟುತ್ತಿದ್ದರು. ಚಿಕ್ಕಪ್ಪ ಸ್ಕೂಟರು ನಿಲ್ಲಿಸಿ, ಅವರ ಬೆನ್ನಿಗೆ ಕಿವಿಯಿಟ್ಟು ಪಂಪಿನ ಸದ್ದು ಕೇಳತೊಡಗಿದರು. ಆ ಮನುಷ್ಯ ಗಾಬರಿಯಾಗಿ ಓಡಲಿಲ್ಲವೆಂಬುದೇ ಆಶ್ಚರ್ಯ. "ಜೋರಾಗಿ ಉಸ್ರು ಎಳ್ಕಳ್ಳಾ?" ಎಂದರಂತೆ, ಡಾಕ್ಟರರಿಗೆ ಹೇಳುವ ಹಾಗೆ!

ಅಂಥದೇ ಹೊಸ ಪಂಪು ಎರಡು ಅಳತೆಯಲ್ಲಿ ಸಿಕ್ಕಿತು. ಎರಡನ್ನೂ ಹಿತ್ತಲಲ್ಲಿ ಓಡಿಸಿದೆವು. ದೊಡ್ಡದರ ನೀರು ಠೀವಿಯಿಂದ ಬಂತು; ಊಟದ ಹೊತ್ತಿಗೆ ಬ್ಯಾಟರಿ ಬರಿದು. ಚಿಕ್ಕದು ಸಂಜೆಯವರೆಗೂ ನಿಲ್ಲಲಿಲ್ಲ. ಆದರೆ ಅದರ ನೀರು!

"ಸೀತ ಆಗಿರೋ ಮಗಿನ್ ಮೂಗ್ ಸೋರ್ದಂಗೆ ಅದೆ" ಎಂದರು ಚಿಕ್ಕಮ್ಮ.

"ದೊಡ್ಡದೇ ಇರ್ಲಿ ಬುಡು, ನೋಡ್ದೋರು ಏನಂದಾರು" ಎಂದರು ಚಿಕ್ಕಪ್ಪ.

ನಾನು ದನಿ ಎತ್ತುವವಳಲ್ಲ. ಅಂದು ಮಾತ್ರ ದೊಡ್ಡ ಪಂಪನ್ನು ಡಬ್ಬಿಗೆ ಹಾಕಿ ಅಂಗಡಿಗೆ ವಾಪಸು ಕೊಟ್ಟು ಬಂದೆ.

ಬೈಲಕುಪ್ಪೆಗೆ ನಾನೂ ಹೊರಟೆ. ಚಿಕ್ಕಮ್ಮ ಬಾಗಿಲಲ್ಲಿ ನನ್ನ ಕೈ ಹಿಡಿದು, "ಅವ್ರ ಕಾಲು ನೆಲ ಬುಡದಂಗೆ ನೋಡ್ಕಳವ್ವ" ಎಂದರು. ಅಷ್ಟೆ.

ವಸತಿಗೃಹದ ಮುಂದೆ ಪಂಪು ಗುಂಯ್ ಎಂದಿತು. ನೀರು ಕೋಲಿನಲ್ಲಿ ಏರುತ್ತಿದೆಯೋ ಇಲ್ಲವೋ ತಿಳಿಯದು. ಪಕ್ಕದಲ್ಲಿ ಸ್ವೆಟರ್ ಮಾರುವ ಟಿಬೆಟನ್ ಅಜ್ಜಿ ಜಪಮಣಿ ಎಣಿಸುತ್ತ ಮೇಲೆ ನೋಡಿದರು. "ಬರ್ತಾ ಇಲ್ಲ," ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಬರ್ತದೆ, ಬರ್ತದೆ. ಪಾಪ, ನಿಧಾನ" ಎಂದರು. ಬಂತು! ಗಾಜಿನ ಮೇಲೆ ಒಂದು ತೆಳು ಪರದೆಯಂತೆ ಇಳಿಯಿತು. ಒಂದೊಂದೇ ಕಿಟಕಿಯಲ್ಲಿ ಆಕಾಶ ಕಾಣಿಸತೊಡಗಿತು. ನಾನು ಬ್ಯಾಟರಿಯ ದೀಪವನ್ನು ನೋಡುತ್ತ, ಗೋಡೆಗೆ ಒರಗಿಸಿದ್ದ ಅಲ್ಯುಮಿನಿಯಂ ಏಣಿಯನ್ನು ನೋಡದಿರಲು ಪ್ರಯತ್ನಿಸುತ್ತ ಕುಳಿತಿದ್ದೆ.

ಇಳಿಹೊತ್ತಿಗೆ ಎಲ್ಲವೂ ಮುಗಿದು ಒಂದು ಗಾಜು ಉಳಿಯಿತು. ತಾರಸಿಯ ಬಳಿ ಗೋಡೆಯಿಂದ ಹೊರಚಾಚಿದ ಸಜ್ಜಾದ ಮೇಲಿನ ಸಣ್ಣ ಗಾಜು, ತುಂಬ ಪಾರಿವಾಳದ ಹಿಕ್ಕೆ. ಸಜ್ಜಾ ಅಡ್ಡವಾಗಿ ಕೋಲು ಮುಟ್ಟಲಿಲ್ಲ. ಪಂಪು ಇನ್ನೂ ಗುಂಯ್ ಎನ್ನುತ್ತಲೇ ಇತ್ತು. ನಾನು ಹಾಕಿದ ಲೆಕ್ಕದಲ್ಲಿ ಸಜ್ಜಾ ಇರಲಿಲ್ಲ.

ಮ್ಯಾನೇಜರು ಏಣಿಯನ್ನು ತಾವೇ ಎಳೆದು ತಂದರು. "ಹತ್ತಿ ಒರ್ಸ್ಬುಡಿ ಯಜಮಾನ್ರೇ, ಎಷ್ಟೊತ್ತಿನ ಕೆಲ್ಸ."

ಚಿಕ್ಕಪ್ಪ ಆ ಗಾಜನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ಹಸಿವು. ಏಣಿಯ ಮೇಲೆ ಕೈಯಿಟ್ಟರು.

ಆ ಕೈ ಅಲ್ಲೇ ಇದ್ದು, ಆಮೇಲೆ ಕೆಳಗಿಳಿಯಿತು. "ಅದೊಂದು ನನ್ ಕೈಲಾಗಕಿಲ್ಲ ಸಾರ್."

"ಯಾಕ್ರೀ, ಎದ್ರಿಕೆಯಾ?"

"ಊಂ ಸಾರ್. ನಂಗಲ್ಲ. ಮನೇಲಿ ಎದ್ರುಕೋತಾಳೆ."

ಮನೆ ಮುಟ್ಟಿದಾಗ ಚಿಕ್ಕಮ್ಮ ಜಗಲಿಯಲ್ಲಿ ನಿಂತಿದ್ದರು. ಕೆಲಸ ಹೇಗಾಯಿತೆಂದು ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ. ಚಿಕ್ಕಪ್ಪನ ಕಾಲನ್ನು ನೋಡಿದರು. ಇಡೀ ದಿನ ಗೋಡೆಯಿಂದಿಳಿದ ನೀರಿನಲ್ಲಿ ನಿಂತು ಮೊಣಕಾಲಿನವರೆಗೂ ಕೆಂಪು ಕೆಸರು, ಬೆರಳ ಸಂದಿಯಲ್ಲೆಲ್ಲ ಕೆಸರು. ಅಷ್ಟು ಕೊಳಕಾದ ಕಾಲನ್ನು ಯಾರೂ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ. ಒಳಗೆ ಹೋಗಿ ಬಿಸಿನೀರಿನ ಚೊಂಬು ತಂದು, ಮೆಟ್ಟಿಲ ಮೇಲೆ ಕುಳಿತು, ತಾವೇ ತೊಳೆಯತೊಡಗಿದರು.

"ಬುಡು, ನಾನೇ ತೊಳ್ಕೋತೀನಿ" ಎಂದರು ಚಿಕ್ಕಪ್ಪ.

"ಸುಮ್ನಿರಿ," ಎಂದರು ಚಿಕ್ಕಮ್ಮ. "ಆ ಕಾಲು ಕೊಡಿ."