ಬಚ್ಚಲುಮನೆಯ ಚಿಲಕ ಮತ್ತು ಒಂದೇ ಗೋಲಿನ ಸೋಲು

ಆ ಶನಿವಾರ ಕ್ಲಿಫರ್ಡ್ ಎಂಟ್ವಿಸಲ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದ: "ಇವತ್ತು ಬಚ್ಚಲುಮನೆ ಚಿಲಕ ರಿಪೇರಿ ಮಾಡಿಯೇ ಸಿದ್ಧ. ಮಾಡದಿದ್ರೆ ನನ್ನ ಹೆಸರು ಬದಲಾಯಿಸು."

"ಏನು ಹೆಸರಿಡೋದು ಅಂತ ಕ್ರಿಸ್‌ಮಸ್‌ನಿಂದ ಯೋಚಿಸ್ತಾನೇ ಇದೀನಿ," ಎಂದಳು ಹೆಂಡತಿ ಗ್ಲೆನಿಸ್.

ಆ ಚಿಲಕದ ಮಹಿಮೆ ಇಷ್ಟು: ಬಾಗಿಲು ಪೂರ್ತಿ ಮುಚ್ಚಿಕೊಂಡರೆ ಹಿಡಿ ಗಿರಗಿರನೆ ತಿರುಗುತ್ತದೆಯೇ ಹೊರತು ಬಾಗಿಲು ತೆರೆಯುವುದಿಲ್ಲ. ಒಳಗಿದ್ದವರು ಒಳಗೇ. ಹೊರಗಿನಿಂದ ಯಾರಾದರೂ ಸ್ಕ್ರೂ ಬಿಚ್ಚಬೇಕು. ಹಾಗಾಗಿ ಮನೆಯವರು ಹೊಸಿಲ ಮೇಲೆ ಕ್ಲಿಫರ್ಡನ ಹಳೇ ಚಪ್ಪಲಿಯೊಂದನ್ನು ಅಡ್ಡ ಇಟ್ಟು, ಸಂದಿ ಉಳಿಸಿಕೊಂಡು, ಹಾಡು ಹೇಳುತ್ತಾ ಸ್ನಾನ ಮಾಡುತ್ತಿದ್ದರು.

ಕ್ಲಿಫರ್ಡ್ ಎದ್ದದ್ದೇನೋ ನಿಜ. ಆದರೆ ಅಷ್ಟರಲ್ಲಿ ಮೂರು ಗಂಟೆಯಾಯಿತು. ಪಕ್ಕದ ಮನೆಯ ವಿಲ್ಫ್ ತನ್ನ ಟೀ ಮಗ್ ಹಿಡಿದು ಹಿತ್ತಿಲ ಬಾಗಿಲಿನಿಂದ ಬಂದ. ಅಡುಗೆಮನೆಯ ರೇಡಿಯೋದಲ್ಲಿ ಕ್ರಾಬ್‌ಡೆನ್ ರೋವರ್ಸ್ ಪಂದ್ಯ ಶುರುವಾಯಿತು. ಚಿಲಕಕ್ಕೆ ಜೀವದಾನ ಸಿಕ್ಕಿತು.

ರೋವರ್ಸ್ ಎಂದರೆ ಊರಿನ ತಂಡ, ಊರಿನ ಹೊಟ್ಟೆನೋವು. ಜನವರಿಯಿಂದ ಒಂದೇ ಒಂದು ಗೋಲೂ ಹೊಡೆದಿರಲಿಲ್ಲ. ಹೊಡೆಸಿಕೊಂಡದ್ದು ಹಿಂದಿನ ವಾರ ಆರು, ಅದರ ಹಿಂದಿನ ವಾರ ಏಳು. ಗೋಲ್‌ಕೀಪರನಿಗೆ ಬೆನ್ನುನೋವು ಬಂದದ್ದು ಚೆಂಡು ತಡೆದು ಅಲ್ಲ, ಬಲೆಯೊಳಗಿಂದ ಅದನ್ನು ಹೆಕ್ಕಿ ಹೆಕ್ಕಿ ಎಂದು ಪಬ್ಬಿನಲ್ಲಿ ಆಡಿಕೊಳ್ಳುತ್ತಿದ್ದರು. ಆದರೂ ಕ್ಲಿಫರ್ಡನಿಗೆ ಬೇರೆ ಆಸೆಯಿರಲಿಲ್ಲ. ಒಂದು ಗೋಲು. ಸಾಯುವ ಮೊದಲು ಕಿವಿತುಂಬ ಒಂದೇ ಒಂದು ಗೋಲು!

ಹತ್ತು ನಿಮಿಷಕ್ಕೆ ಎದುರಾಳಿಗಳು ಗೋಲು ಹೊಡೆದರು. "ಶುರುವಾಯ್ತಪ್ಪ," ಎಂದು ವಿಲ್ಫ್ ಕಣ್ಣು ಮುಚ್ಚಿದ. ಅದೇ ಹೊತ್ತಿಗೆ ಮಹಡಿಯಿಂದ ಧಡ್ ಎಂಬ ಸದ್ದು. ಶನಿವಾರದ ಊಟಕ್ಕೆ ಬಂದಿದ್ದ ಅತ್ತೆ ಎಡ್ನಾ, ಚಪ್ಪಲಿಯನ್ನು ಕಾಲಿನಿಂದ ಸರಿಸಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿದ್ದಳು.

ಕ್ಲಿಫರ್ಡ್ ಓಡಿದ. ಸ್ಕ್ರೂಡ್ರೈವರನ್ನು ಚಿಲಕಕ್ಕೆ ಒತ್ತಿದನೋ ಇಲ್ಲವೋ, ಕೆಳಗಿನಿಂದ ವಿಲ್ಫ್ ಕೂಗಿದ: "ಅವರಿಗೆ ಪೆನಾಲ್ಟಿ ಕೊಟ್ಬಿಟ್ರು ಕಣೋ!" ಕ್ಲಿಫರ್ಡ್ ಬೆದರಿ ಕೈ ಹಿಂದಕ್ಕೆಳೆದ. ಕೀಪರ್ ಪೆನಾಲ್ಟಿ ತಡೆದ! ಮತ್ತೆ ಸ್ಕ್ರೂಡ್ರೈವರ್ ಒತ್ತಿದ; ಚೆಂಡು ರೋವರ್ಸ್ ಗೋಲಿನ ಕಂಬಕ್ಕೆ ಬಡಿಯಿತು. ಕೈ ತೆಗೆದ, ಚೆಂಡು ಆಚೆ ಹೋಯಿತು. ಕ್ಲಿಫರ್ಡ್ ಸ್ಕ್ರೂಡ್ರೈವರನ್ನು ಜೇಬಿಗಿಳಿಸಿದ.

"ಅಳಿಯಂದಿರೇ, ಇದೀರಾ?" ಒಳಗಿನಿಂದ ಎಡ್ನಾ ಕೇಳಿದಳು.

"ಇದೀನಿ ಅತ್ತೆ. ಸ್ಕ್ರೂ ಸ್ವಲ್ಪ ಬಿಗಿಯಾಗಿದೆ. ಆರಾಮಾಗಿ ಕೂತ್ಕೊಳ್ಳಿ."

ಕೊನೆಯ ಸೀಟಿ ಊದುವವರೆಗೂ ಆ ಸ್ಕ್ರೂ ಬಿಗಿಯಾಗಿಯೇ ಇತ್ತು. ಆಮೇಲೆ ಎರಡೇ ನಿಮಿಷದಲ್ಲಿ ಸಡಿಲವಾಯಿತು.

"ಒಂದೇ ಗೋಲಿನಿಂದ ಸೋತ್ವಿ, ಗ್ಲೆನಿಸ್!" ಕ್ಲಿಫರ್ಡ್ ಹೆಂಡತಿಯನ್ನು ಅಪ್ಪಿಕೊಳ್ಳಲು ಹೋದ.

"ಸೋತ್ರಿ ತಾನೇ?"

"ಸೋಲಿನಲ್ಲೂ ತರತಮ ಇಲ್ವಾ? ಆರರಿಂದ ಒಂದಕ್ಕೆ ಇಳಿದಿದೀವಿ. ಇದೇ ಲೆಕ್ಕದಲ್ಲಿ ಹೋದ್ರೆ ಮುಂದಿನ ವಾರ ನಾವೇ ಹೊಡೀಬೇಕು."

ವಿಲ್ಫ್ ಗಂಭೀರವಾಗಿ ತಲೆಯಾಡಿಸಿದ. ಒಳ್ಳೆಯದಾದಾಗ ಯಾರು ಎಲ್ಲಿ ಕೂತಿದ್ದರೋ ಮುಂದಿನ ಪಂದ್ಯಕ್ಕೂ ಅವರು ಅಲ್ಲೇ ಕೂರಬೇಕು. ಇದು ರೋವರ್ಸ್ ಭಕ್ತರ ಶಾಸನ. ವಿಲ್ಫ್ ಇದೇ ಕಾರಣಕ್ಕೆ ಒಂದೇ ಸ್ವೆಟರನ್ನು ವರ್ಷವಿಡೀ ಒಗೆಯದೆ ಹಾಕುತ್ತಿದ್ದ. ಅವನ ಹೆಂಡತಿ ತಂಗಿಯ ಮನೆಗೆ ಹೋಗಿ ಕೂತಿದ್ದಳು.

ಮುಂದಿನ ಶನಿವಾರ ಸೀಸನ್ನಿನ ಕೊನೆಯ ಪಂದ್ಯ. ಸೋತರೆ ರೋವರ್ಸ್ ಕೆಳಗಿನ ಲೀಗಿಗೆ ಬೀಳುವುದು ಖಚಿತ. ಸಮ ಮಾಡಿಕೊಂಡರೆ ಬಚಾವು. ವಾರವಿಡೀ ಕ್ಲಿಫರ್ಡ್ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಅತ್ತೆ ಬಚ್ಚಲುಮನೆಗೆ ಹೋಗಲೇಬೇಕು, ಅಷ್ಟೇ. ಶನಿವಾರ ಊಟವಾದ ಮೇಲೆ ಮೆಲ್ಲಗೆ ಮಹಡಿ ಹತ್ತಿ, ಹೊಸಿಲಿನ ಚಪ್ಪಲಿಯನ್ನು ತಾನೇ ಎತ್ತಿ ಬೀರುವಿನ ಹಿಂದೆ ಎಸೆದ.

"ಇನ್ನೊಂದು ಕಪ್ ಟೀ, ಅತ್ತೆ?"

"ಇದು ನಾಲ್ಕನೇದು. ಏನು, ನನ್ನನ್ನ ಮುಳುಗಿಸೋ ಯೋಚನೆನಾ?"

"ಮತ್ತೆ... ಮೇಲೆ ಹೋಗ್ಬೇಕು ಅನ್ನಿಸ್ತಿಲ್ವಾ?"

"ಹೋದ ವಾರದ ಪೂಜೆ ಸಾಕಪ್ಪ. ಇನ್ಮೇಲೆ ನಾನು ವಿಲ್ಫ್ ಮನೆಗೇ ಹೋಗೋದು. ಈಗ ತಾನೇ ಹೋಗಿ ಬಂದೆ."

ಕ್ಲಿಫರ್ಡ್ ವಿಲ್ಫ್‌ನನ್ನು ದುರುಗುಟ್ಟಿ ನೋಡಿದ. ವಿಲ್ಫ್ ಮಗ್ಗಿನೊಳಗೆ ಮುಖ ಹುದುಗಿಸಿದ. ರೇಡಿಯೋದಲ್ಲಿ ಎದುರಾಳಿಗಳ ಗೋಲು ಬಿತ್ತು. ಕ್ಲಿಫರ್ಡ್ ಅಡುಗೆಮನೆಯಲ್ಲಿ ಅತ್ತಿಂದಿತ್ತ ಹೆಜ್ಜೆ ಹಾಕಿದ, ಕಿಟಕಿ ತೆರೆದ, ಮುಚ್ಚಿದ, ರೇಡಿಯೋವನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟ. ವಿರಾಮ ಕಳೆದರೂ ಕಾಲ ಮಿಂಚಿರಲಿಲ್ಲ.

"ಅತ್ತೆ, ಬಚ್ಚಲುಮನೆಗೆ ಹೊಸ ಪರದೆ ಹಾಕಿದೀವಿ. ನೀವು ನೋಡ್ಲೇಬೇಕು."

ಎಡ್ನಾ ಅವನ ಹಿಂದೆ ಮೆಟ್ಟಿಲು ಹತ್ತಿದಳು. ಹೊಸಿಲ ಹೊರಗೇ ನಿಂತು, "ಎಲ್ಲಿ, ಬಿಡಿಸಿ ತೋರ್ಸಿ," ಎಂದಳು. ಕ್ಲಿಫರ್ಡ್ ಒಳಗೆ ಹೋಗಿ, ಮದುವೆಯಾದಾಗಿನ ಹಳೇ ಪರದೆಯನ್ನು ಅಂಗಡಿಯವನಂತೆ ಹರಡಿ ಹಿಡಿದ.

"ಸೊಗಸಾಗಿದೆ ಅಳಿಯಂದಿರೇ," ಎನ್ನುತ್ತಾ ಎಡ್ನಾ ಬಾಗಿಲನ್ನು ನಿಧಾನವಾಗಿ, ಪೂರ್ತಿಯಾಗಿ ಎಳೆದುಕೊಂಡಳು.

ಹಿಡಿ ಗಿರಗಿರನೆ ತಿರುಗಿತು. ಕ್ಲಿಫರ್ಡ್ ಬಾಗಿಲು ಬಡಿದ, ಬೇಡಿಕೊಂಡ, ಅತ್ತೆಯ ಪೂರ್ವಜರನ್ನೆಲ್ಲ ನೆನೆದ. ಅಷ್ಟರಲ್ಲಿ ಅಡುಗೆಮನೆಯಿಂದ ಕುರ್ಚಿ ಉರುಳಿದ ಸದ್ದು, ಮಗ್ ಒಡೆದ ಸದ್ದು. ಅದರ ಮೇಲೆ, ತಂಡದಲ್ಲಿ ಎಷ್ಟು ಜನ ಆಡುತ್ತಾರೆಂದೂ ತಿಳಿಯದ ಗ್ಲೆನಿಸ್‌ಳ ಕಿರುಚಾಟ!

"ಏನಾಯ್ತು? ಯಾರಾದ್ರೂ ಹೇಳ್ರೋ!"

ವಿಲ್ಫ್ ಏದುಸಿರು ಬಿಡುತ್ತಾ ಮೇಲೆ ಬಂದ. "ಗೋಲು ಕಣೋ ಕ್ಲಿಫ್. ನಮ್ಮವರೇ ಹೊಡೆದ್ರು. ಸಮ ಆಯ್ತು."

ಜನವರಿಯಿಂದ ಕಾದ ಗೋಲು! ಅದು ಬಿದ್ದಾಗ ಕ್ಲಿಫರ್ಡನ ಕೈಯಲ್ಲಿದ್ದದ್ದು ಪರದೆ. ಅವನಿಗೆ ನಿಜವಾಗಿಯೂ ಅಳು ಬಂತು.

"ಬಾಗಿಲು ತೆಗಿ ಮಾರಾಯ. ಉಳಿದದ್ದಾದ್ರೂ ಕೇಳ್ತೀನಿ."

ವಿಲ್ಫ್ ಸ್ಕ್ರೂಡ್ರೈವರ್ ಒತ್ತಿದ. ಕೆಳಗಿನಿಂದ ಗ್ಲೆನಿಸ್ ಕೂಗಿದಳು: "ನಮ್ಮ ಗೋಲಿನ ಕಂಬಕ್ಕೆ ಬಡೀತು! ವಿಲ್ಫ್, ನೀನೇನು ಮಾಡ್ತಿದೀಯ ಅಲ್ಲಿ?"

ವಿಲ್ಫ್ ಕೈ ಹಿಂದಕ್ಕೆಳೆದ.

"ಕ್ಲಿಫ್," ಎಂದ, "ಸ್ಕ್ರೂ ಸ್ವಲ್ಪ ಬಿಗಿಯಾಗಿದೆ. ಆರಾಮಾಗಿ ಕೂತ್ಕೋ."

ಪಂದ್ಯ ಸಮವಾಗಿ ಮುಗಿಯಿತು. ರೋವರ್ಸ್ ಉಳಿಯಿತು, ಬೀದಿಯೆಲ್ಲ ಕುಣಿಯಿತು. ಕೊನೆಗೂ ಬಾಗಿಲು ತೆರೆದಾಗ ಕ್ಲಿಫರ್ಡ್ ಕೆಂಗಣ್ಣಿನಿಂದ ಹೊರಬಂದು ಸ್ಕ್ರೂಡ್ರೈವರ್ ಕಿತ್ತುಕೊಂಡ. "ಸಾಕು. ಈ ಚಿಲಕವನ್ನ ಈಗಲೇ, ಈ ಕ್ಷಣವೇ ರಿಪೇರಿ ಮಾಡ್ತೀನಿ."

ಗ್ಲೆನಿಸ್ ಅದನ್ನು ಅವನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಚಿಲಕ ಮುಟ್ಟಿದ್ರೆ ನೋಡು. ಆಗಸ್ಟ್‌ನಲ್ಲಿ ಹೊಸ ಸೀಸನ್ ಶುರುವಾಗುತ್ತೆ."

ಹಿಂದಿನಿಂದ ಎಡ್ನಾ ಬಂದು, ತನ್ನ ಕುರ್ಚಿಯ ದಿಂಬನ್ನು ಅಳಿಯನಿಗೆಂದು ಬಚ್ಚಲುಮನೆಯೊಳಗೆ ಇಟ್ಟು ಹೋದಳು.