ಆಷಾಢದಲ್ಲಿ ಅಮ್ಮನವರ ಸೀರೆ

ನಿವೃತ್ತರು ಸೀಸನ್ ಇಲ್ಲದಾಗಲೇ ಪ್ರವಾಸ ಹೋಗಬೇಕು, ನೂಕುನುಗ್ಗಲು ಇರುವುದಿಲ್ಲ, ಕೂರಲು ಜಾಗ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜವೇ. ಆದರೆ ಜನರಿಲ್ಲದ ಕಡೆ ನಮ್ಮ ಎಡವಟ್ಟುಗಳೆಲ್ಲ ಎದ್ದು ಕಾಣುತ್ತವೆ ಎಂಬುದನ್ನು ಯಾರೂ ಹೇಳುವುದಿಲ್ಲ. ನಮ್ಮ ಬೀದಿಯ ಮೂವರು ಎಲ್ಲಿಗೆ ಹೊರಟರೂ ಹೀಗೆ ಏನಾದರೊಂದು ಆಗಿಯೇ ಆಗುತ್ತದೆ. ಕಳೆದ ಆಷಾಢದ್ದು ಮಾತ್ರ ಹೇಳುತ್ತೇನೆ.

ಕಣ್ಣು ಮುಚ್ಚಿದವಳ ಪ್ರಶ್ನೆ

ನಾನು ದೊಡ್ಡಬಳ್ಳಾಪುರದಲ್ಲಿ ಮೇಷ್ಟ್ರಾಗಿದ್ದವನು. ಮೇಷ್ಟ್ರಿಗೆ ರಜೆ ಸಿಗುವುದು ಮಕ್ಕಳಿಗೆಲ್ಲ ರಜೆ ಇದ್ದಾಗ. ಹಾಗಾಗಿ ನಾನೂ ನನ್ನ ಹೆಂಡತಿಯೂ ಹೋದಲ್ಲೆಲ್ಲ ಇಡೀ ರಾಜ್ಯ ನಮಗಿಂತ ಮುಂಚೆ ಬಂದು ನಿಂತಿರುತ್ತಿತ್ತು.

ಘಟ್ಟದ ಕೆಳಗಿನ ಒಂದು ಅಮ್ಮನವರ ದೇವಸ್ಥಾನವೆಂದರೆ ಅವಳಿಗೆ ಪ್ರಾಣ. ದಸರಾ ರಜೆಯಲ್ಲಿ ಹೋಗಿ, ಅರ್ಧ ದಿನ ಸಾಲಿನಲ್ಲಿ ನಿಂತು, ಗರ್ಭಗುಡಿಯ ಮುಂದೆ ಬಂದ ತಕ್ಷಣ ಭಕ್ತಿಯಿಂದ ಕಣ್ಣು ಮುಚ್ಚಿಬಿಡುತ್ತಿದ್ದಳು. ತೆರೆಯುವಷ್ಟರಲ್ಲಿ ಹಿಂದಿನವರು ತಳ್ಳಿ ಪ್ರಸಾದದ ಕೌಂಟರ್ ಮುಂದೆ ನಿಲ್ಲಿಸಿರುತ್ತಿದ್ದರು.

"ರೀ, ಅಮ್ಮನಿಗೆ ಯಾವ ಸೀರೆ ಉಡಿಸಿದ್ರು?"

"ನೀನು ನೋಡ್ಲಿಲ್ವಾ?"

"ನಾನು ಕೈ ಮುಗೀತಿದ್ನಲ್ಲ. ನೀವೇನು ಮಾಡ್ತಿದ್ರಿ?"

ನಾನು ಜೇಬು ಹಿಡಿದುಕೊಂಡಿದ್ದೆ.

ನೇಯ್ಗೆಯ ಊರಿನ ಹೆಂಗಸಿಗೆ ಸೀರೆ ಕಾಣದಿದ್ದರೆ ದರ್ಶನ ಅರ್ಧವೇ. ಮನೆಗೆ ಬಂದು ರೇಷ್ಮೆ ಸೀರೆ ಮಡಿಸಿಟ್ಟು, ದಿನಬಳಕೆಯ ಗಿಣಿಹಸಿರು ಸೀರೆ ಉಟ್ಟು ಸೊಪ್ಪು ಬಿಡಿಸುತ್ತಾ ಕೂತಾಗಲೂ ಅದೇ ಮಾತು. ಆ ಹಸಿರು ಸೀರೆಯದೂ ಒಂದು ಕಥೆ. ಎದುರುಮನೆಯವರು ಮಗ್ಗಕ್ಕೆ ಡಿಸೈನಿನ ಕಾರ್ಡು ಉಲ್ಟಾ ಹಾಕಿದ್ದರಿಂದ, ಕುಂಕುಮಬಣ್ಣದ ಅಂಚಿನ ಮಾವಿನಕಾಯಿಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ಒಂದಷ್ಟನ್ನು ಬೀದಿಯ ಹೆಂಗಸರಿಗೆ ಹಂಚಿ, ಉಳಿದವನ್ನು ಯಾವುದೋ ದೂರದೂರಿನ ವ್ಯಾಪಾರಿಗೆ ದಾಟಿಸಿದ್ದರು.

"ನಿಮ್ದು ರಿಟೈರ್ಮೆಂಟ್ ಆಗ್ಲಿ. ಜನ ಇಲ್ದಾಗ ಹೋಗಿ, ಕಣ್ಣು ಬಿಟ್ಕೊಂಡು ನೋಡ್ಕೊಂಡ್ ಬರೋಣ," ಅನ್ನುತ್ತಿದ್ದಳು.

ನಾನು ರಿಟೈರ್ ಆಗುವ ಹಿಂದಿನ ವರ್ಷ ಅವಳು ಹೋದಳು. ಪ್ರಶ್ನೆ ನನ್ನ ಬಳಿ ಉಳಿಯಿತು. 'ಗೊತ್ತಿಲ್ಲ ಸಾರ್' ಎಂದವರನ್ನೆಲ್ಲ ಬೆಂಚಿನ ಮೇಲೆ ಹತ್ತಿಸಿದವನು ನಾನು. ಈಗ ನಾನೇ ಬೆಂಚು ಹತ್ತಿ ನಿಂತಿದ್ದೆ.

ಹೊರಡುವ ಮುಹೂರ್ತ

ಜೊತೆಗೆ ಬರುತ್ತೇವೆಂದವರು ಇಬ್ಬರು. ಒಬ್ಬರು ರಿಟೈರಾದ ಬಸ್ ಕಂಡಕ್ಟರ್. ಇನ್ನೊಬ್ಬರು ಮಾವಿನಕಾಯಿ ತಲೆಕೆಳಗು ಮಾಡಿದ ಎದುರುಮನೆಯವರೇ. ಮಗ್ಗಗಳನ್ನು ಮಗನಿಗೆ ಒಪ್ಪಿಸಿ ಕೂತಿದ್ದರೂ ಊರಿಗೆ ಅವರು ಮಗ್ಗದಣ್ಣ. ಆಷಾಢದಲ್ಲಿ ಹೊರಡುವುದೆಂದು ತೀರ್ಮಾನವಾದಾಗ ಮಗ್ಗದಣ್ಣನ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

"ಆಷಾಢದಲ್ಲಿ ಯಾರಾದ್ರೂ ಹೊರಡ್ತಾರೇನ್ರಿ?"

"ಯಾರೂ ಹೊರಡಲ್ಲ. ಅದಕ್ಕೇ ನಾವು ಹೊರಡ್ತಿರೋದು," ಎಂದರು ಮಗ್ಗದಣ್ಣ.

"ಸಮುದ್ರದ ಕಡೆ ಮಳೆ ಹಿಡಿದಿರ್ತದೆ."

"ಹಿಡೀಲಿ. ಲಾಡ್ಜ್ ಖಾಲಿ ಇರ್ತದೆ."

"ಅಂಥಾ ಮಳೇಲಿ ಏನ್ ನೋಡ್ತೀರಾ?"

"ಒಂದು ಸೀರೆ."

ಆಕೆ ಸೊಂಟದ ಮೇಲೆ ಕೈಯಿಟ್ಟರು. "ಹಗಲೂ ರಾತ್ರಿ ಸೀರೆ ನೇಯೋ ಊರಿಂದ ಸೀರೆ ನೋಡೋಕೆ ಏರೋಪ್ಲೇನಲ್ಲಿ ಹೋಗೋ ಗಂಡಸ್ರನ್ನ ಇವತ್ತೇ ಕಂಡಿದ್ದು!"

ಆಮೇಲೆ ನನ್ನ ಮುಖ ನೋಡಿ, ಒಳಗೆ ಹೋಗಿ ಚಕ್ಕುಲಿ ಡಬ್ಬಿ ತಂದು ನನ್ನ ಕೈಗಿಟ್ಟರು. "ಹೋಗ್ಬನ್ನಿ ಮೇಷ್ಟ್ರೇ. ಬಣ್ಣ ಒಂದೇ ನೋಡ್ಕೊಂಡ್ ಬರ್ಬೇಡಿ. ಅಂಚೂ ನೋಡಿ, ಸೆರಗೂ ನೋಡಿ. ನಿಮ್ಮನೆಯವರು ಅಷ್ಟಕ್ಕೆಲ್ಲ ಬಿಡೋರಲ್ಲ."

ಒಂದು ಪ್ರಶ್ನೆಗೆ ಹೊರಟವನಿಗೆ ಬಾಗಿಲಲ್ಲೇ ಮೂರು ಪ್ರಶ್ನೆಯಾದವು.

ಹಿಂದೆ ಸೀಟಿದೆ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾದಾಗಿನಿಂದ ವಿಮಾನಗಳು ನಮ್ಮ ತಲೆಯ ಮೇಲೇ ಹೋಗಿಬರುತ್ತಿದ್ದರೂ ಮೂವರಲ್ಲಿ ಒಬ್ಬರೂ ಒಳಗೆ ಕಾಲಿಟ್ಟಿರಲಿಲ್ಲ. ಮಂಗಳೂರಿನ ವಿಮಾನ ಅರ್ಧಕ್ಕರ್ಧ ಖಾಲಿ. ಮಗ್ಗದಣ್ಣ ಖುಷಿಯಲ್ಲಿ ಮೂರು ಸೀಟಿಗೂ ಕೈ ಚಾಚಿ ಕೂತರು. ಕಂಡಕ್ಟರಿಗೆ ಮಾತ್ರ ಸಂಕಟ. ಎದ್ದು ನಿಂತು ಹಿಂದೆ ನೋಡಿದರು, ಮುಂದೆ ನೋಡಿದರು, ಲೊಚಗುಟ್ಟಿದರು. ಬಾಗಿಲು ಮುಚ್ಚಲು ಹೊರಟ ಗಗನಸಖಿಯನ್ನು ಕರೆದೇಬಿಟ್ಟರು.

"ಏನಮ್ಮಾ, ಇಷ್ಟೊಂದು ಸೀಟ್ ಖಾಲಿ ಇದೆಯಲ್ಲ!"

"ಹೌದು ಸರ್. ನಿಮ್ಮ ಸೀಟ್‌ನಲ್ಲಿ ಕುಳಿತುಕೊಳ್ಳಿ."

"ಎರಡು ನಿಮಿಷ ನಿಲ್ಸಿದ್ರೆ ಇನ್ಯಾರಾದ್ರೂ ಬರ್ತಿದ್ರೇನೋ. ಬಾಗಿಲಲ್ಲಿ ನಿಂತು ಒಂದ್ಸಲ ಕೂಗಿ ನೋಡೋಣ್ವಾ? ನೀವು ಬೇಡಮ್ಮಾ, ನಾನೇ ಕೂಗ್ತೀನಿ."

ಪಾಪ, ಆ ಹುಡುಗಿ ನಗಲೂ ಆಗದೆ ಗದರಲೂ ಆಗದೆ ನಿಂತಳು. ನಾನು ಅವರ ಅಂಗಿ ಹಿಡಿದೆಳೆದು ಕೂರಿಸಿದೆ. ಮಂಗಳೂರಿನಲ್ಲಿ ಇಳಿಯುವಾಗ ಅವರು ಆಕೆಗೆ ಸಮಾಧಾನ ಹೇಳಿದರು: "ಬೇಜಾರ್ ಮಾಡ್ಕೋಬೇಡಮ್ಮಾ. ಆಷಾಢ ಮುಗೀಲಿ, ಫುಟ್‌ಬೋರ್ಡ್ ಮೇಲೆಲ್ಲ ನಿಲ್ತಾರೆ."

ಮೂರು ಜನರ ಜಗಳ

ದೇವಸ್ಥಾನದ ಊರಿನ ಲಾಡ್ಜಿನಲ್ಲಿ ನಾವು ಬಿಟ್ಟರೆ ಬೇರೆ ಯಾರೂ ಇಲ್ಲ. ಮ್ಯಾನೇಜರು ಸಮುದ್ರದ ಕಡೆ ತೆರೆಯುವ ಒಳ್ಳೆಯ ಕೋಣೆ ಕೊಟ್ಟು, ಬಿಸಿಬಿಸಿ ಕಾಫಿಯನ್ನೂ ಕಳಿಸಿದರು. ನಾವು ಇನ್ನೂ ಲೋಟ ಎತ್ತಿರಲಿಲ್ಲ, ಅವರು ಮೆಟ್ಟಿಲು ಹಾರಿಕೊಂಡು ಓಡಿ ಬಂದರು.

"ಬೇಡ ಮಾರಾಯ್ರೆ, ಜಗಳ ಬೇಡ! ಏನಿದ್ದರೂ ಕೂತು ಮಾತಾಡುವ!"

"ಯಾರ್ರೀ ಜಗಳ ಆಡ್ತಿರೋದು?" ಎಂದರು ಮಗ್ಗದಣ್ಣ. ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದರು.

"ನೀವೇ! ಕೆಳಗಿನ ಅಂಗಡಿಯವರೂ ಬಾಗಿಲಿಗೆ ಬಂದು ನಿಂತಿದ್ದಾರೆ."

ನಾನು ವಿವರಿಸಬೇಕಾಯಿತು. ನಮ್ಮ ಬೀದಿಯಲ್ಲಿ ಎರಡೂ ಕಡೆ ಮಗ್ಗಗಳು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಪಿಸುಮಾತೇ ಬೇರೆಯವರ ಕೂಗಿನಷ್ಟು. ನನ್ನ ಶಾಲೆಯ ಗೋಡೆಯಾಚೆಗೂ ಮಗ್ಗಗಳೇ. ಮಗ್ಗಿ ಹೇಳಿಕೊಟ್ಟಿದ್ದೂ ಅದೇ ಗಂಟಲಲ್ಲಿ.

"ಹಾಗಾದರೆ ಈಗ ಏನು ಮಾತಾಡ್ತಾ ಇದ್ದದ್ದು?"

"ಸಕ್ಕರೆ ಸಾಕಾ ಅಂತ ಕೇಳ್ದೆ ಅಷ್ಟೇ," ಎಂದರು ಕಂಡಕ್ಟರ್.

ಮಧ್ಯಾಹ್ನ ಊಟವಾದ ಮೇಲೆ ಮಗ್ಗದಣ್ಣನಿಗೆ ನಿದ್ದೆ ಹತ್ತಲಿಲ್ಲ. ಹೊರಗೆ ಮಳೆಯೂ ನಿಂತು ಊರು ಉಸಿರು ಬಿಗಿಹಿಡಿದಂತಿತ್ತು. "ಈ ನಿಶ್ಶಬ್ದದಲ್ಲಿ ಮನುಷ್ಯರು ಹೆಂಗ್ರೀ ಮಲಗ್ತಾರೆ?" ಎಂದು ಮಗನಿಗೆ ಫೋನ್ ಮಾಡಿದರು. "ಲೋ, ಫೋನ್ ತಗೊಂಡೋಗಿ ಮೂಲೆ ಮಗ್ಗದ ಪಕ್ಕ ಇಡೋ." ಇಲ್ಲಿ ಸ್ಪೀಕರಿಗೆ ಹಾಕಿ, ದಿಂಬಿನ ಪಕ್ಕ ಇಟ್ಟುಕೊಂಡರು. ಕಟಕಟ ಕಟಕಟ ಎಂಬ ಸದ್ದು ಶುರುವಾದದ್ದೇ ತಡ, ಮೂವರೂ ಗೊರಕೆಗೆ ಬಿದ್ದೆವು.

ಎದ್ದಾಗ ಮ್ಯಾನೇಜರು ಕಾರಿಡಾರಿನಲ್ಲಿ ಎಲೆಕ್ಟ್ರಿಷಿಯನ್ ಜೊತೆ ನಿಂತು ಸೀಲಿಂಗ್ ಫ್ಯಾನುಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು.

ಗರ್ಭಗುಡಿಯ ಮುಂದೆ

ಸಂಜೆ ದೇವಸ್ಥಾನಕ್ಕೆ ಹೋದೆವು. ಸಾಲಿಗಾಗಿ ಕಟ್ಟಿದ ಕಬ್ಬಿಣದ ಕಂಬಿಗಳು ಖಾಲಿ ಬಿದ್ದಿದ್ದವು. ನೇರ ನಡೆದರೆ ಹತ್ತು ಹೆಜ್ಜೆ. ಆದರೆ ನಾವು ಮೂವರೂ ಅಭ್ಯಾಸಬಲದಿಂದ ಕಂಬಿಗಳ ಒಳಗೆ ಸುತ್ತಿ ಸುತ್ತಿ, ಒಬ್ಬರ ಹಿಂದೊಬ್ಬರು ಹೋದೆವು. ಬಾಗಿಲಲ್ಲಿ ಕೂತಿದ್ದ ಅರ್ಚಕರು ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡಿದರು. ಯಾರೋ ಬಂದರಲ್ಲ ಎಂದು ಸಂತೋಷದಿಂದ ಎದ್ದು ಕರ್ಪೂರ ಹಚ್ಚಿದರು.

ಆರತಿ ಮೇಲೆದ್ದಿತು. ನಾನು ಕೈಮುಗಿದು, ಭಕ್ತಿಯಿಂದ, ಕಣ್ಣು ಮುಚ್ಚಿದೆ.

ಅಷ್ಟೇ ಅಲ್ಲ, ಯಾರೂ ತಳ್ಳದಿದ್ದರೂ ನನ್ನ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಸರಿದು ಪ್ರಸಾದದ ಕೌಂಟರ್ ಕಡೆ ಹೊರಟವು.

"ಹೋಲ್ಡಾನ್!" ಕಂಡಕ್ಟರ್ ಕೂಗಿದ್ದು ಗೋಪುರದವರೆಗೂ ಕೇಳಿರಬೇಕು. ಆರತಿ ಹಿಡಿದ ಅರ್ಚಕರೂ ಹಾಗೇ ನಿಂತರು. "ಮೇಷ್ಟ್ರೇ, ಕಣ್ಣು! ಕಣ್ಣು ಬಿಡ್ರೀ! ಇಷ್ಟು ದೂರ ಬಂದಿರೋದು ಯಾತಕ್ಕೆ?"

ಹಿಂದಕ್ಕೆ ಬಂದು ನಿಂತು ಕಣ್ಣು ಬಿಟ್ಟೆ. ದೀಪದ ಬೆಳಕು ಅಮ್ಮನವರ ಮೇಲೆ ಬಿದ್ದಿತ್ತು. ಗಿಣಿಹಸಿರು. ಕುಂಕುಮಬಣ್ಣದ ಅಂಚು. ಅಂಚಿನ ತುಂಬ ಮಾವಿನಕಾಯಿಗಳು, ಎಲ್ಲವೂ ತಲೆಕೆಳಗಾಗಿ.

ಮೊದಲು ಕೂಗಿದ್ದು ಮಗ್ಗದಣ್ಣ.

"ಲೇ! ನಮ್ಮ ಮಗ್ಗದ್ದು ಕಣ್ರೋ!" ಎಂದವರೇ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. "ತಪ್ಪಾಯ್ತು ತಾಯಿ, ಕಾರ್ಡು ಉಲ್ಟಾ ಹಾಕ್ಬಿಟ್ಟೆ! ನಿನ್ನವರೆಗೂ ಬರ್ತದೆ ಅಂತ ಗೊತ್ತಿರ್ಲಿಲ್ಲ!"

ಅರ್ಚಕರು ಗಾಬರಿಯಾಗಲಿಲ್ಲ. ಬದಲಿಗೆ ಮೆಚ್ಚುಗೆಯಿಂದ ತಲೆದೂಗಿದರು. "ನಿಮ್ಮದಾ? ಒಳ್ಳೆಯ ಸೀರೆ ಮಾರಾಯ್ರೆ. ಯಾರೋ ಹರಕೆ ಹೇಳಿ ಕೊಟ್ಟದ್ದು. ನವರಾತ್ರಿಗೆ ಜನ ಬರುವಾಗ ರೇಷ್ಮೆ. ಈಗ ಯಾರೂ ಬರುವುದಿಲ್ಲವಲ್ಲ, ಅಮ್ಮನಿಗೂ ಮನೆಯಲ್ಲಿ ಉಡುವಂಥದ್ದೇ. ಈ ಮಳೆಗೆ ರೇಷ್ಮೆ ಒಣಗುವುದಿಲ್ಲ. ಇದು ಒಗೆದು ಹರವಿದರೆ ಮಧ್ಯಾಹ್ನಕ್ಕೆ ಸಿದ್ಧ."

ಯಾರೂ ತಳ್ಳಲಿಲ್ಲ. ಬಣ್ಣ ನೋಡಿದೆ, ಅಂಚು ನೋಡಿದೆ, ಸೆರಗು ನೋಡಿದೆ. ಕಣ್ಣು ಮಂಜಾದಾಗ ಒರೆಸಿಕೊಂಡು ಮತ್ತೆ ನೋಡಿದೆ. ನೆಂಟರೆಲ್ಲ ಹೋದ ಮೇಲೆ ಆರಾಮಾಗಿ ಸೊಪ್ಪು ಬಿಡಿಸಲು ಕೂತವಳ ಹಾಗೆ ಕಂಡಳು ಅಮ್ಮ. ಇಬ್ಬರು ಗೆಳೆಯರೂ ಅಕ್ಕಪಕ್ಕ ನಿಂತರು. ಆಮೇಲೆ ಕಂಡಕ್ಟರ್ ಮೊದಲ ಸಲ ನಿಜವಾದ ಪಿಸುಮಾತಿನಲ್ಲಿ ಕೇಳಿದರು, "ರೈಟ್ ಹೇಳ್ಲಾ ಮೇಷ್ಟ್ರೇ?"

ಮನೆಗೆ ಬಂದವನೇ ಅವಳ ಫೋಟೋದ ಮುಂದೆ ನಿಂತು ಉತ್ತರ ಒಪ್ಪಿಸಿದೆ: ಬಣ್ಣ ಇದು, ಅಂಚು ಇದು, ಸೆರಗು ಇದು. ಒಂದೂ ತಪ್ಪಿರಲಿಲ್ಲ. ಅವಳು ಏನನ್ನುತ್ತಿದ್ದಳೆಂಬುದು ಮಾತ್ರ ಬೀರುವಿನಲ್ಲಿ ಮಡಿಸಿಟ್ಟ ಆ ಹಸಿರು ಸೀರೆ ಕಂಡಾಗ ಕಿವಿಗೆ ಬಂದು ಬಡಿಯಿತು, ಮಗ್ಗದ ಸದ್ದಿಗೂ ಮಿಗಿಲಾದ ಅದೇ ಗಂಟಲಲ್ಲಿ:

"ಇದನ್ನ ನೋಡೋಕೆ ಅಷ್ಟು ದೂರ ಹೋದ್ರಾ? ದಿನಾ ಉಟ್ಕೊಂಡು ನಿಮ್ಮ ಕಣ್ಣೆದುರಿಗೇ ಓಡಾಡ್ತಿದ್ನಲ್ರೀ!"