ಕೂದಲ ಕ್ರೀಮು ಕಾಯುವ ಬೀಗದವರಿಗೆ

ನಮ್ಮ ಬಡಾವಣೆಯ ಔಷಧಿ ಅಂಗಡಿಯ ಏಳನೇ ಸಾಲಿನಲ್ಲಿ, ಗಾಜಿನ ಬೀರುವಿನ ಬಾಗಿಲಿಗೆ ಹಗಲಿರುಳೂ ಜೋತುಬಿದ್ದು ಸೇವೆ ಸಲ್ಲಿಸುತ್ತಿರುವ ಮಾನ್ಯ ಬೀಗದವರ ಸನ್ನಿಧಿಗೆ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಪೂರ್ವ ಭಾಗದ ನಿವಾಸಿಯೂ ಕಾಲೇಜಿನ ಮೊದಲನೇ ವರ್ಷದ ವಿದ್ಯಾರ್ಥಿನಿಯೂ ಆದ ಕೆಜಾಯಾ ಟಿಲ್ಮನ್ ಮಾಡುವ ನಮಸ್ಕಾರಗಳು. ತಾವು ತುಕ್ಕು ಹಿಡಿಯದೆ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಮಾನ್ಯರೇ, ಬೀಗಕ್ಕೂ ಬಹುವಚನವೇ ಎಂದು ತಾವು ನಗಬಾರದು. ನಾನು ದೂರದ ಊರಿನ ದೊಡ್ಡ ಸ್ಕೂಲಿನ ಹಾಸ್ಟೆಲ್ಲಿನಲ್ಲಿದ್ದು ಓದಿದವಳು. ಯಾರ ಮೇಲೆ ಕಂಪ್ಲೇಂಟ್ ಬರೆದರೂ ಮೊದಲು ಹೊಗಳಬೇಕು, ಆಮೇಲೆ ಸಾರಿ ಕೇಳಬೇಕು, ಕೊನೆಗೆ ಕಾಗದದಲ್ಲಿ ಜಾಗ ಉಳಿದರೆ ಕಷ್ಟ ಹೇಳಿಕೊಳ್ಳಬೇಕು ಎಂದು ನಮ್ಮ ವಾರ್ಡನ್ ಕಲಿಸಿದ್ದಾರೆ. ಆದ್ದರಿಂದ ಮೊದಲು ಹೊಗಳಿಕೆ.

ತಮ್ಮ ಅಕ್ಕಪಕ್ಕದಲ್ಲಿ ನೇರ ಕೂದಲಿನವರ ಶಾಂಪೂಗಳು, ಬಣ್ಣಗಳು, ಸುವಾಸನೆಯ ಎಣ್ಣೆಗಳು ಯಾರು ಬೇಕಾದರೂ ಎತ್ತಿಕೊಂಡು ಹೋಗಲಿ ಎಂಬಂತೆ ಬಾಗಿಲೇ ಇಲ್ಲದ ಕಪಾಟಿನಲ್ಲಿ ಅನಾಥವಾಗಿ ಬಿದ್ದಿರುತ್ತವೆ. ನಮ್ಮಂಥ ಗುಂಗುರು ಕೂದಲಿನ ಕಪ್ಪು ಹೆಂಗಸರು ಹಚ್ಚುವ ಕ್ರೀಮಿಗೆ ಮಾತ್ರ ಗಾಜಿನ ಮನೆ, ತಮ್ಮಂಥ ಘನವಂತರ ಕಾವಲು, ಮೇಲೊಂದು ಕ್ಯಾಮೆರಾ. ಹಾಸ್ಟೆಲ್ಲಿದ್ದ ಊರಿನಲ್ಲಿ ಅಂಗಡಿಯವರು ಈ ಕ್ರೀಮನ್ನು ತರಿಸುತ್ತಲೇ ಇರಲಿಲ್ಲ. ಇಲ್ಲಿ ತರಿಸಿ ಬೀಗ ಹಾಕುತ್ತಾರೆ. ಇದನ್ನು ಪ್ರಗತಿ ಎನ್ನದೆ ಇನ್ನೇನೆನ್ನಲಿ?

ಇನ್ನು ಸಾರಿ. ಕಳೆದ ಶನಿವಾರ ತಮ್ಮ ಎದುರಿಗೆ ಅಷ್ಟು ಹೊತ್ತು ನಿಂತು ತಮ್ಮ ನೆಮ್ಮದಿ ಕೆಡಿಸಿದ್ದಕ್ಕೆ ಸಾರಿ. ಕಾರಣವನ್ನೂ ಹೇಳಿಬಿಡುತ್ತೇನೆ. ನಾನು ಇರುವುದು ನನ್ನ ವರ್ಲೀನ್ ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಪೇಟೆಯ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾ ಬಂದವಳು. ಅದೇ ಹೋಟೆಲಿನಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಮುಂಬಾಗಿಲ ಮೇಜಿನ ಕೆಲಸವೊಂದು ಖಾಲಿಯಾದಾಗ ಅವಳು ಅರ್ಜಿ ಹಾಕಿದ್ದಳು, ಅಂದು ಮಧ್ಯಾಹ್ನ ಮೂರಕ್ಕೆ ಇಂಟರ್‌ವ್ಯೂಗೆ ಕರೆದಿದ್ದರು. ಕೂದಲು ಅಚ್ಚುಕಟ್ಟಾಗಿರಬೇಕು ಎಂದು ಮೊದಲೇ ಹೇಳಿದ್ದರು. ನಮ್ಮ ವಿಷಯದಲ್ಲಿ ಅಚ್ಚುಕಟ್ಟು ಎಂದರೆ, ನಮ್ಮ ಕೂದಲು ನಮ್ಮ ಕೂದಲಿನ ಹಾಗೆ ಕಾಣಬಾರದು ಎಂದರ್ಥ. ಅದು ತಮಗೂ ಗೊತ್ತಿರಬಹುದು.

ಬೆಳಿಗ್ಗೆಯಿಂದ ನಾನು ಸೋಫಾದ ಮೇಲೆ, ಚಿಕ್ಕಮ್ಮ ಕೆಳಗೆ ನನ್ನ ಮೊಣಕಾಲುಗಳ ನಡುವೆ. ಚಿಕ್ಕಂದಿನಲ್ಲಿ ಅವಳು ಮೇಲೆ ಕೂರುತ್ತಿದ್ದಳು, ನಾನು ಕೆಳಗೆ. "ಒಗೆದು ಒಗೆದು ಆ ನೆಲಮಾಳಿಗೇಲೇ ಮುದುಕಿಯಾದೆ ಕಣೆ. ಇವತ್ತು ಮೆಟ್ಟಿಲು ಹತ್ತಲೇಬೇಕು. ಬಿಗಿಯಾಗಿ ಹೆಣಿ. ಒಂದು ಕೂದಲು ಎದ್ದು ನಿಂತರೂ ಅವರು ನನ್ನ ಬಿಟ್ಟು ಅದನ್ನೇ ಇಂಟರ್‌ವ್ಯೂ ಮಾಡ್ತಾರೆ" ಎಂದು ಅವಳು ಗೊಣಗುತ್ತಿದ್ದಳು. ಬಲಗಡೆ ಪೂರ್ತಿ ಹೆಣೆದು ಎಡಗಡೆ ಬಿಚ್ಚಿ ಬಾಚುವಷ್ಟರಲ್ಲಿ ಕ್ರೀಮು ಮುಗಿಯಿತು. ಚಿಕ್ಕಮ್ಮ ಕನ್ನಡಿ ನೋಡಿಕೊಂಡು, "ಬಲಗಡೆ ರಾಣಿ, ಎಡಗಡೆ ದೆವ್ವ. ಓಡೇ!" ಎಂದಳು.

ಓಡುವ ಮುಂಚೆ ಎಂದಿನ ಉಪದೇಶವೂ ಆಯಿತು: "ಕೈ ಜೇಬಿಗೆ ಹಾಕ್ಬೇಡ, ಬೇಡದ್ದು ಮುಟ್ಬೇಡ, ಬ್ಯಾಗಿನ ಜಿಪ್ಪು ಮುಚ್ಚಿರು, ರಸೀದಿ ಇಸ್ಕೊಳ್ದೆ ಹೊರಗೆ ಬರ್ಬೇಡ." ಬೇರೆ ಮನೆಗಳಲ್ಲಿ ಮಕ್ಕಳಿಗೆ ಸ್ವೆಟರ್ ಹಾಕ್ಕೋ ಎನ್ನುವ ಹಾಗೆ ನಮ್ಮ ಬೀದಿಯ ಪ್ರತಿ ಬಾಗಿಲಲ್ಲೂ ಇದನ್ನು ಹೇಳಿಯೇ ಕಳಿಸುತ್ತಾರೆ. ಇಷ್ಟೆಲ್ಲ ಕೇಳಿಸಿಕೊಂಡೂ ನಾನು, ಒಂದೇ ಥರ ಕಾಣುವ ನಾಲ್ಕಾರು ಡಬ್ಬಿಗಳಲ್ಲಿ ತಪ್ಪಾದದ್ದನ್ನು ತಂದುಬಿಟ್ಟರೆ ಎಂಬ ಭಯಕ್ಕೆ, ಖಾಲಿ ಡಬ್ಬಿಯನ್ನೇ ಬ್ಯಾಗಿಗೆ ಹಾಕಿಕೊಂಡು ಹೊರಟೆ. ಬೇರೆಯವರು ಹೀಗೆ ಮಾಡಿದ್ದರೆ ಇದನ್ನು ಬುದ್ಧಿವಂತಿಕೆ ಎನ್ನುತ್ತಿದ್ದರು.

ಬೀಗ ತೆಗೆಯುವವರನ್ನು ಕರೆಯಲೆಂದು ತಮ್ಮ ಪಕ್ಕದಲ್ಲಿರುವ ಗುಂಡಿ ಒತ್ತಿದೆ. ಕೂಡಲೇ ಮೈಕಿನಲ್ಲಿ, ಏಳನೇ ಸಾಲಿನಲ್ಲಿ ಗಿರಾಕಿಯೊಬ್ಬರು ಕಾಯುತ್ತಿದ್ದಾರೆಂದು ಇಡೀ ಅಂಗಡಿಗೆ ಸಾರಿದರು. ನನ್ನ ಕಾಲೇಜು ಪ್ರವೇಶವನ್ನೂ ಯಾರೂ ಇಷ್ಟು ಜೋರಾಗಿ ಸಾರಿರಲಿಲ್ಲ. ಯಾರೂ ಬರಲಿಲ್ಲ. ಎರಡನೇ ಸಲ ಒತ್ತಿದರೆ ಜಗಳಗಂಟಿ, ಒತ್ತದಿದ್ದರೆ ಸುಮ್ಮನೆ ಸುಳಿದಾಡುವವಳು. ಎರಡರಲ್ಲಿ ಯಾವುದಾಗಲಿ ಎಂದು ಯೋಚಿಸುತ್ತಿರುವಾಗಲೇ ನೆನಪಾಯಿತು, ನನ್ನ ಬ್ಯಾಗಿನಲ್ಲಿ ತಾವು ಕಾಯುತ್ತಿರುವ ಅದೇ ಡಬ್ಬಿ, ರಸೀದಿ ಇಲ್ಲದೆ ಕೂತಿದೆ. ಹೊರಗೆ ಹೋಗುವಂತಿಲ್ಲ, ಒಳಗೆ ನಿಲ್ಲುವಂತಿಲ್ಲ, ತೆಗೆದು ನೋಡಲು ಜಿಪ್ಪು ಎಳೆಯುವಂತೆಯೂ ಇಲ್ಲ. ತಮ್ಮ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡರೆ ನನಗೇ ನನ್ನ ಮೇಲೆ ಅನುಮಾನ ಬಂತು.

ಅಷ್ಟರಲ್ಲಿ ಕಾವಲಿನ ಮಿಸ್ಟರ್ ಡೆಲ್ಬರ್ಟ್ ಬಂದರು. ಭಾನುವಾರ ನಮ್ಮ ಚರ್ಚಿನಲ್ಲಿ ಚಿಕ್ಕಮ್ಮನ ಪಕ್ಕದಲ್ಲೇ ನಿಂತು ಹಾಡುವವರು, ಶನಿವಾರ ಚಾವಣಿ ನೋಡುತ್ತಾ, "ಬ್ಯಾಗಲ್ಲಿ ಏನಮ್ಮಾ ಅದು ಉಬ್ಬಿರೋದು? ಕ್ಯಾಮೆರಾದವರು ಕೇಳ್ತಿದ್ದಾರೆ" ಎಂದರು. ನಾನು ಹಾಸ್ಟೆಲ್ ಇಂಗ್ಲಿಷಿನಲ್ಲಿ ಉದ್ದನೆಯ ವಿವರಣೆ ಶುರು ಮಾಡಿದೆ. ಅದು ತಪ್ಪೊಪ್ಪಿಗೆಯ ಹಾಗೇ ಕೇಳಿಸಿತು. ಆಗ ಬೀಗದಕೈ ಹಿಡಿದು ಬಂದ, ಅಂಗಡಿಯ ಕೆಲಸದವರೂ ನಮ್ಮ ಬೀದಿಯವರೂ ಆದ ಮಿಸ್ ರೊಸೆಟ್ಟಾ ಡಬ್ಬಿ ಈಚೆಗೆ ತೆಗೆಸಿ, ಮುಚ್ಚಳ ಬಿಚ್ಚಿ, ಅವರ ಮೂಗಿನ ಕೆಳಗೆ ಹಿಡಿದರು. "ನೋಡು ಡೆಲ್ಬರ್ಟ್, ಖಾಲಿ ಡಬ್ಬಿ ಕದಿಯೋ ಕಳ್ಳೀನ ಈ ಊರಲ್ಲಿ ಮೊದಲು ಹಿಡಿದವನು ನೀನೇ. ಪೇಪರಿನವರಿಗೆ ಫೋನ್ ಮಾಡ್ಲಾ?" ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇ ಮಗಾ, ಆ ದೊಡ್ಡ ಸ್ಕೂಲಲ್ಲಿ ಅಷ್ಟೆಲ್ಲ ಓದಿಸಿದ್ರಲ್ಲ, ಖಾಲಿ ಡಬ್ಬಿ ಹಿಡ್ಕೊಂಡು ಅಂಗಡಿಗೆ ಹೋಗ್ಬಾರ್ದು ಅನ್ನೋದೊಂದು ಹೇಳಿಕೊಡ್ಲಿಲ್ವಾ?" ಎಂದು ನಕ್ಕರು. ಅವರು ಹಚ್ಚುವುದೂ ಅದೇ ಕ್ರೀಮಂತೆ. ಸ್ವಂತಕ್ಕೆ ಕೊಳ್ಳುವ ದಿನ ಅವರೂ ಬೀಗದಕೈ ಬೇರೊಬ್ಬರಿಗೆ ಒಪ್ಪಿಸಿ, ಗುಂಡಿ ಒತ್ತಿ, ನನ್ನ ಹಾಗೆಯೇ ಕೈ ಕಾಣುವ ಹಾಗೆ ಇಟ್ಟುಕೊಂಡು ನಿಲ್ಲಬೇಕಂತೆ. ಮಾನ್ಯರೇ, ತಮ್ಮ ನಿಷ್ಪಕ್ಷಪಾತಕ್ಕೆ ತಲೆಬಾಗಿದ್ದೇನೆ.

ಕ್ರೀಮು ಕೊಂಡು ಮನೆ ಸೇರುವಾಗ ಹೊತ್ತು ಮೀರಿತ್ತು. ಎಡಗಡೆಯನ್ನು ಹೇಗೋ ಸುತ್ತಿ ಚಿಕ್ಕಮ್ಮನನ್ನು ಬಸ್ಸಿಗೆ ಹತ್ತಿಸಿ, ಅವಳ ಕೆಲಸವನ್ನು ನಾನೇ ಕಳೆದೆ ಎಂದು ಸಂಜೆಯವರೆಗೂ ಉಗುರು ಕಚ್ಚಿದೆ. ಅಲ್ಲಿಯ ಮ್ಯಾನೇಜರು ನಿಜವಾಗಿಯೂ, "ಎರಡು ಕಡೆ ಎರಡು ಥರ ಇದೆಯಲ್ಲ, ಇದು ಫ್ಯಾಷನ್ನಾ?" ಎಂದು ಕೇಳಿದರಂತೆ. ಚಿಕ್ಕಮ್ಮ, "ಬಲಗಡೇದು ಅಂಗಡಿಯವರು ಬೀಗ ತೆಗೆಯೋಕೆ ಮುಂಚಿಂದು ಸರ್, ಎಡಗಡೇದು ತೆಗೆದ ಮೇಲಿಂದು" ಎಂದಳಂತೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ನಕ್ಕರು. ಮುಂಬಾಗಿಲಲ್ಲಿ ಜನರನ್ನು ನಗಿಸುವವರು ಬೇಕಿತ್ತು.

ಹೌದು ಮಾನ್ಯರೇ, ಕೆಲಸ ಸಿಕ್ಕಿತು. ಅದೇ ಕುರ್ಚಿಯಲ್ಲಿ ಅವಳಿಗಿಂತ ಮುಂಚೆ ಕೂತಿದ್ದ ಬಿಳಿಯ ಹುಡುಗನಿಗೆ ಸಿಗುತ್ತಿದ್ದ ಸಂಬಳ ಮಾತ್ರ ಸಿಗಲಿಲ್ಲ. ಅನುಭವ ಆಗಲಿ, ಆಮೇಲೆ ನೋಡೋಣ ಎಂದಿದ್ದಾರೆ. ಅವನು ಹುಟ್ಟುವ ಮೊದಲಿನಿಂದಲೂ ಅವಳು ಆ ಹೋಟೆಲಿನಲ್ಲಿದ್ದಾಳೆ ಎಂಬುದು ಅನುಭವಕ್ಕೆ ಸೇರುವುದಿಲ್ಲವಂತೆ. ಆದರೆ ಹೋಟೆಲಿನ ಪ್ರತಿಯೊಂದು ಕೋಣೆಯನ್ನೂ ತೆರೆಯುವ ಬೀಗದಕೈಯನ್ನು ಅವಳ ಸೊಂಟಕ್ಕೆ ಕಟ್ಟಿದ್ದಾರೆ. ಊರಿನ ದೊಡ್ಡ ಮನುಷ್ಯರ ವಾಚು, ಸರ, ಲ್ಯಾಪ್‌ಟಾಪುಗಳೆಲ್ಲ ಅವಳ ಸುಪರ್ದಿಯಲ್ಲಿ ನಿದ್ದೆ ಮಾಡುತ್ತವೆ. ಆ ಬೀಗದಕೈ ಸೊಂಟಕ್ಕೆ ಕಟ್ಟಿಕೊಂಡೇ ಅವಳು ಮುಂದಿನ ತಿಂಗಳು ತಮ್ಮ ಎದುರಿಗೆ ಬಂದು ಗುಂಡಿ ಒತ್ತಿ ನಿಲ್ಲುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ತೀರಾ ಸಣ್ಣದು. ತಮ್ಮ ಪ್ರತಿಭೆ ಒಂದು ಕ್ರೀಮಿನ ಡಬ್ಬಿಯ ಮೇಲೆ ವ್ಯರ್ಥವಾಗುತ್ತಿದೆ. ದಯವಿಟ್ಟು ತಾವು ಅಲ್ಲಿಂದ ಇಳಿದು ಬಂದು ನಮ್ಮ ಮನೆಯ ಬಾಡಿಗೆಗೆ ಜೋತುಬೀಳಿ, ಅದು ಪ್ರತಿ ವರ್ಷ ಮೇಲಕ್ಕೆ ಓಡಿಹೋಗುತ್ತದೆ. ಪೇಟೆಗೆ ಹೋಗುವ ನಮ್ಮ ಬಸ್ಸಿಗಾದರೂ ಬೀಳಿ, ಅದು ಚಿಕ್ಕಮ್ಮ ಬರುವ ಮೊದಲೇ ಹೊರಟುಬಿಡುತ್ತದೆ. ಅದೆಲ್ಲ ದೂರವೆನಿಸಿದರೆ ಒಂದೇ ಒಂದು ಶನಿವಾರ ರಜೆ ಹಾಕಿ, ಪಕ್ಕದ ಶಾಂಪೂಗಳ ಮೇಲೆ ನೇತಾಡಿ ನೋಡಿ. ಯಾರು ಮೊದಲು ಮ್ಯಾನೇಜರನ್ನು ಕರೆಯುತ್ತಾರೋ ನೋಡಲು ನನಗೆ ಆಸೆ.

ತಾವು ನಂಬದಿದ್ದರೂ ತಮ್ಮ ವಿಶ್ವಾಸಿ,
ಕೆಜಾಯಾ ಟಿಲ್ಮನ್

ಮರೆತ ಮಾತು: ಆ ಖಾಲಿ ಡಬ್ಬಿ ಈಗ ಹೋಟೆಲಿನ ಮುಂಬಾಗಿಲ ಮೇಜಿನ ಮೇಲಿದೆ, ಚಿಕ್ಕಮ್ಮ ಅದರಲ್ಲಿ ಪೆನ್ನು ನಿಲ್ಲಿಸಿದ್ದಾಳೆ. ಅನುಮಾನವಿದ್ದರೆ ತಾವೇ ಬಂದು ಪರೀಕ್ಷಿಸಬಹುದು. ಮೇಜಿನ ಮೇಲೆ ಒಂದು ಗಂಟೆ ಇದೆ, ಒಂದು ಸಲ ತಟ್ಟಿದರೆ ಸಾಕು, ಅವಳು ಬರುತ್ತಾಳೆ. ತಾವು ಬಂದಿರುವುದನ್ನು ಮೈಕಿನಲ್ಲಿ ಸಾರುವುದಿಲ್ಲ.